ಹೊರಗೆ ಗೆದ್ದ ಮ್ಯಾಚು, ಮನೆಗೆ ಬಂದ ಸುದ್ದಿ

ನಮ್ಮ ದೊಡ್ಡಪ್ಪನಿಗೆ ಕ್ರಿಕೆಟ್ ಹುಚ್ಚು. ಆದರೆ ಇಲ್ಲಿಯವರೆಗೂ ಅವರು ಒಂದು ಸಲವೂ ಸ್ಟೇಡಿಯಂ ಒಳಗೆ ಕಾಲಿಟ್ಟಿಲ್ಲ. ದೊಡ್ಡಬಳ್ಳಾಪುರದಿಂದ ಚಿನ್ನಸ್ವಾಮಿ ಸ್ಟೇಡಿಯಂಗೆ ನಲವತ್ತು ಕಿಲೋಮೀಟರ್ ಇದ್ದರೆ ಹೆಚ್ಚು. "ಯಾಕೆ ದೊಡ್ಡಪ್ಪಾ, ಒಂದ್ಸಲನಾದ್ರೂ ಹೋಗಿ ನೋಡ್ಬೇಕು ಅನ್ನಿಸ್ಲಿಲ್ವಾ?" ಅಂತ ಕೇಳಿದರೆ, "ನಾವು ಗೆದ್ದಿದ್ದೆಲ್ಲಾ ಹೊರಗಡೆನೇ ಅಲ್ವೇನೋ, ಇಲ್ಲಿ ಹೋಗಿ ಏನ್ ನೋಡ್ಲಿ?" ಅಂದರು.

ತಮಾಷೆಗೆ ಅಂದಿದ್ದಿರಬೇಕು ಅಂದುಕೊಂಡೆ. ಆಮೇಲೆ ಕೂತು ಲೆಕ್ಕ ಹಾಕಿದೆ. (ಇಂಜಿನಿಯರ್ ಬುದ್ಧಿ, ಎಲ್ಲಿ ಬಿಡುತ್ತೆ :-) ) ಕರ್ನಾಟಕ ರಣಜಿ ಟ್ರೋಫಿಯನ್ನು ಎಂಟು ಸಲ ಗೆದ್ದಿದೆ. ಫೈನಲ್ ಎಲ್ಲೆಲ್ಲಿ ನಡೆಯಿತು ನೋಡಿ. 1973-74ರಲ್ಲಿ ಜೈಪುರ, 1977-78ರಲ್ಲಿ ದೆಹಲಿ ಪಕ್ಕದ ಮೋಹನ್ ನಗರ, 1982-83ರಲ್ಲಿ ಮುಂಬೈ, 1995-96ರಲ್ಲಿ ಚೆನ್ನೈ. 1997-98 ಮತ್ತು 1998-99, ಎರಡು ಸಲ ಮಾತ್ರ ಬೆಂಗಳೂರು. ಮತ್ತೆ 2013-14ರಲ್ಲಿ ಹೈದರಾಬಾದ್, 2014-15ರಲ್ಲಿ ಮುಂಬೈ. ಎಂಟರಲ್ಲಿ ಆರು ಹೊರಗೆ! ಮೊದಲ ನಾಲ್ಕಂತೂ ಪೂರ್ತಿ ಹೊರಗೆ. ದೊಡ್ಡಪ್ಪನ ಮಾತು ನಿಜವೇ.

ಅಂದರೆ ನಮ್ಮ ಕಡೆಯ ಅಭಿಮಾನಿ ತನ್ನ ತಂಡ ಕಪ್ ಎತ್ತಿದ್ದನ್ನು ಕಣ್ಣಾರೆ ನೋಡಿದ್ದು ಕಡಿಮೆ, ಕಿವಿಯಾರೆ ಕೇಳಿದ್ದೇ ಜಾಸ್ತಿ. ಗೆಲುವು ಎಲ್ಲೋ ಆಗುತ್ತೆ, ಸುದ್ದಿ ಮಾತ್ರ ಮನೆಗೆ ಬರುತ್ತೆ. ಬಂದ ಸುದ್ದಿಯನ್ನು ಇಟ್ಟುಕೊಂಡು ಏನು ಮಾಡೋದು? ಈ ಪ್ರಶ್ನೆ ತುಂಬಾ ದಿನದಿಂದ ನನ್ನ ತಲೆಯಲ್ಲಿದೆ. ಯಾಕೆ ಅನ್ನೋದನ್ನು ಕೊನೆಗೆ ಹೇಳುತ್ತೇನೆ. ಮೊದಲು ಹಳೆಯ ಕಥೆ.

1974. ದೊಡ್ಡಪ್ಪನಿಗೆ ಆಗ ಹದಿನಾಲ್ಕು ವರ್ಷ. ಸ್ಕೂಲು ಮುಗಿಸಿ ಬಂದು ಮಗ್ಗದ ಮನೆಯಲ್ಲಿ ಕಂಡಿಕೆ ಸುತ್ತುವ ಕೆಲಸ. ಹಿಂದಿನ ವರ್ಷ, 1973ರ ನವೆಂಬರ್ 1ಕ್ಕೆ, ಮೈಸೂರು ರಾಜ್ಯಕ್ಕೆ ಕರ್ನಾಟಕ ಅಂತ ಹೆಸರು ಬದಲಾಗಿತ್ತು. ಕ್ರಿಕೆಟ್ ತಂಡದ ಹೆಸರೂ ಬದಲಾಯಿತು. ಮೈಸೂರು ಹೆಸರಿನಲ್ಲಿ ನಮ್ಮವರು ಎರಡು ಸಲ, 1941-42 ಮತ್ತು 1959-60ರಲ್ಲಿ, ಫೈನಲ್‌ವರೆಗೂ ಹೋಗಿ ಎರಡು ಸಲವೂ ಬಾಂಬೆಗೆ ಸೋತಿದ್ದರು. ಬಾಂಬೆ ಅಂದರೆ ಆಗ ಸಾಮಾನ್ಯವಲ್ಲ. 1958-59ರಿಂದ 1972-73ರವರೆಗೆ ಸತತ ಹದಿನೈದು ವರ್ಷ ಟ್ರೋಫಿ ಅವರದ್ದೇ. ದೊಡ್ಡಪ್ಪ ಹುಟ್ಟಿದಾಗಿನಿಂದ ರಣಜಿ ಗೆದ್ದವರು ಯಾರು ಅಂತ ಕೇಳಿದರೆ ಒಂದೇ ಉತ್ತರ ಇತ್ತು ಅನ್ನಿ.

ಆ ವರ್ಷ ಬಾಂಬೆ ಸೆಮಿಫೈನಲ್ ಆಡಲು ಬೆಂಗಳೂರಿಗೆ ಬಂತು. ಜಿ.ಆರ್. ವಿಶ್ವನಾಥ್ 162, ಬ್ರಿಜೇಶ್ ಪಟೇಲ್ 106, ಕರ್ನಾಟಕ 385. ಬಾಂಬೆ ಕಡೆಯಿಂದ ಗವಾಸ್ಕರ್‌ರನ್ನು ಪ್ರಸನ್ನ ಬೌಲ್ಡ್ ಮಾಡಿದರು, ವಾಡೇಕರ್ ರನ್ ಔಟ್ ಆದರು, 307ಕ್ಕೆ ಅವರ ಕಥೆ ಮುಗಿಯಿತು. ಆಮೇಲೆ ಪ್ರಸನ್ನರ ನಾಯಕತ್ವದಲ್ಲಿ ತಂಡ ಜೈಪುರಕ್ಕೆ ಹೋಗಿ ರಾಜಸ್ಥಾನವನ್ನು 185 ರನ್‌ಗಳಿಂದ ಸೋಲಿಸಿತು. ಹೆಸರಿಟ್ಟು ಆರು ತಿಂಗಳೂ ಆಗದ ರಾಜ್ಯ, ಆ ಹೆಸರಲ್ಲಿ ಮೊದಲ ಟ್ರೋಫಿ.

"ಆವತ್ತು ಏನ್ ಮಾಡಿದ್ರಿ ದೊಡ್ಡಪ್ಪಾ?"

"ಏನ್ ಮಾಡೋದು? ಮಗ್ಗ ಓಡ್ತಿರುವಾಗ ಒಳಗೆ ರೇಡಿಯೋ ಕೇಳ್ಸಲ್ಲ. ನಾನು ಹೊರಗೆ ಜಗಲಿ ಮೇಲೆ ಕೂತು ವಾರ್ತೆ ಕೇಳಿ, ಬಾಗಿಲಲ್ಲಿ ನಿಂತು ಕೈಯೆತ್ತಿ ತೋರಿಸ್ದೆ, ಗೆದ್ವಿ ಅಂತ. ಒಳಗಿದ್ದೋರು ತಲೆ ಆಡಿಸಿ ನಕ್ಕರು. ಮಗ್ಗ ನಿಲ್ಲಿಸ್ಲಿಲ್ಲ. ನಿಲ್ಲಿಸಿದ್ರೆ ಕೂಲಿ ಯಾರು ಕೊಡ್ತಾರೆ? ಆದ್ರೂ ಬಾಂಬೆನ ಸೋಲ್ಸಿದ ದಿನಾನೇ ನಮಗೆ ಹಬ್ಬ ಆಗೋಗಿತ್ತು ಕಣೋ. ಜೈಪುರದ್ದು ಮಾರನೇ ದಿನದ ಹೋಳಿಗೆ ಇದ್ದಂಗೆ."

ಇಷ್ಟೇ ಸಂಭ್ರಮ. ಒಂದು ಬಾಗಿಲಲ್ಲಿ ಒಬ್ಬ ಹುಡುಗ ಕೈಯೆತ್ತಿದ್ದು.

ದೊಡ್ಡಪ್ಪನಿಗೆ ಇದಕ್ಕಿಂತ ಇಷ್ಟವಾದದ್ದು 1983ರ ಗೆಲುವು. ಅದಕ್ಕೆ ಹಿಂದಿನ ವರ್ಷದ ಗಾಯವೂ ಕಾರಣ. 1981-82ರ ಫೈನಲ್ ದೆಹಲಿಯಲ್ಲಿ. ಕರ್ನಾಟಕ ಮೊದಲು ಬ್ಯಾಟ್ ಮಾಡಿ 705 ರನ್ ಹೊಡೆಯಿತು. ಏಳುನೂರ ಐದು! ಇನ್ನೇನು ಟ್ರೋಫಿ ಬಂದ ಹಾಗೇ ಅಂದುಕೊಂಡರೆ ದೆಹಲಿಯವರು 8 ವಿಕೆಟ್‌ಗೆ 589ರಿಂದ ಮುಂದೆ ಹೋಗಿ, ರಾಕೇಶ್ ಶುಕ್ಲಾ ಮತ್ತು ರಾಜೇಶ್ ಪೀಟರ್ ಒಂಬತ್ತನೇ ವಿಕೆಟ್‌ಗೆ ಔಟಾಗದೆ 118 ಸೇರಿಸಿ 707 ಮಾಡಿಬಿಟ್ಟರು. ಎರಡು ರನ್ ಮುನ್ನಡೆ, ಟ್ರೋಫಿ ಅವರಿಗೆ.

ಮುಂದಿನ ವರ್ಷವೇ ಮತ್ತೆ ಫೈನಲ್. ಈ ಸಲ ಬಾಂಬೆ ವಿರುದ್ಧ, ಅದೂ ಅವರದೇ ವಾಂಖೆಡೆ ಸ್ಟೇಡಿಯಂನಲ್ಲಿ. ಬಾಂಬೆ 534 ಹೊಡೆಯಿತು. ಕರ್ನಾಟಕ 551. ಹದಿನೇಳು ರನ್ ಮುನ್ನಡೆ. ಪಂದ್ಯ ಡ್ರಾ ಆದರೆ ಮೊದಲ ಇನಿಂಗ್ಸಿನಲ್ಲಿ ಮುಂದಿದ್ದವರು ಗೆದ್ದಂತೆ ಅನ್ನೋದು ರಣಜಿ ಫೈನಲ್‌ನ ನಿಯಮ. ಹಿಂದಿನ ವರ್ಷ ಎರಡು ರನ್‌ನಿಂದ ನಮ್ಮನ್ನು ಅಳಿಸಿದ ಅದೇ ನಿಯಮ ಈ ವರ್ಷ ಹದಿನೇಳು ರನ್‌ನಿಂದ ನಮ್ಮನ್ನು ಗೆಲ್ಲಿಸಿತು.

ಆವತ್ತು ಬಸ್ ಸ್ಟ್ಯಾಂಡ್ ಹತ್ತಿರದ ಹೋಟೆಲ್‌ನಲ್ಲಿ ಪೇಪರ್ ಇಟ್ಟುಕೊಂಡು ದೊಡ್ಡ ಜಗಳವೇ ಆಯಿತಂತೆ. "ಡ್ರಾ ಆಯ್ತು ಅಂತ ಬರೆದವ್ರೆ, ಗೆದ್ವಿ ಅಂತಾನೂ ಬರೆದವ್ರೆ, ಯಾವ್ದು ನಂಬ್ಲಿ?" ಅಂತ ಒಬ್ಬರು. ನಿಯಮ ಗೊತ್ತಿದ್ದ ಮೇಷ್ಟ್ರೊಬ್ಬರು ಟೇಬಲ್ ಮೇಲೆ ಕಾಫಿ ಲೋಟ ಜೋಡಿಸಿ ವಿವರಿಸಿದರಂತೆ. ಅರ್ಥವಾದ ಮೇಲೆ ಎಲ್ಲರಿಗೂ ಕಾಫಿ, ಬೈಟು ಲೆಕ್ಕದಲ್ಲಿ. ಹತ್ತು ಜನಕ್ಕೆ ಐದು ಕಾಫಿ. ಬಾಂಬೆಯನ್ನು ಬಾಂಬೆಯಲ್ಲೇ ಸೋಲಿಸಿದ್ದಕ್ಕೆ ನಮ್ಮೂರಿನಲ್ಲಿ ನಡೆದ ವಿಜಯೋತ್ಸವ ಇದು. ಅದೇ ಹೊತ್ತಿಗೆ ನೆಲಮಂಗಲದ ಯಾವುದೋ ಅಂಗಡಿ ಮುಂದೆ, ಹೊಸಕೋಟೆಯ ಯಾವುದೋ ಕಟ್ಟೆ ಮೇಲೆ, ದೇವನಹಳ್ಳಿಯ ಕೋಟೆ ಬೀದಿಯಲ್ಲಿ ಇಂಥದೇ ಮಾತು ನಡೆದಿರಬೇಕು. ಗೆಲುವು ಒಂದೇ, ಸಂಭ್ರಮ ಸಾವಿರ ಜಾಗದಲ್ಲಿ.

ಈಗ ನನ್ನ ಕಾಲಕ್ಕೆ ಬರುತ್ತೇನೆ.

ನಾನು ಬೆಳೆದಿದ್ದು ಸೋಲು ನೋಡಿಕೊಂಡು. 2009ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ನಡೆದ ಐಪಿಎಲ್ ಫೈನಲ್‌ನಲ್ಲಿ ಆರ್‌ಸಿಬಿ ಡೆಕ್ಕನ್ ಚಾರ್ಜರ್ಸ್‌ಗೆ 6 ರನ್‌ನಿಂದ ಸೋತಿತು. 2010ರ ಜನವರಿಯಲ್ಲಿ ಮೈಸೂರಿನ ಗಂಗೋತ್ರಿ ಮೈದಾನದಲ್ಲಿ ರಣಜಿ ಫೈನಲ್. ಮನೀಶ್ ಪಾಂಡೆ 144 ಹೊಡೆದರೂ ಮುಂಬೈ ಎದುರು ಕರ್ನಾಟಕಕ್ಕೆ ಸೋಲು, ಅಲ್ಲೂ 6 ರನ್. 2011ರ ಐಪಿಎಲ್ ಫೈನಲ್ ಚೆನ್ನೈಯಲ್ಲಿ ಸೋಲು. 2016ರದ್ದು ನಮ್ಮ ಚಿನ್ನಸ್ವಾಮಿಯಲ್ಲೇ, 8 ರನ್‌ನಿಂದ ಸೋಲು. "ಈ ಸಲ ಕಪ್ ನಮ್ದೇ" ಅನ್ನೋ ಮಾತು ಘೋಷಣೆಯಾಗಿ, ಆಮೇಲೆ ಜೋಕಾಗಿ, ಕೊನೆಗೆ ಪ್ರಾರ್ಥನೆಯೇ ಆಗಿಹೋಗಿತ್ತು.

ಮೊದಲು ಆ ಜೋಕನ್ನು ಮುಗಿಸಿದವರು ಹೆಣ್ಣುಮಕ್ಕಳು. 2024ರ ಮಾರ್ಚ್ 17, ದೆಹಲಿಯ ಮೈದಾನದಲ್ಲಿ ದೆಹಲಿ ತಂಡವನ್ನೇ 113ಕ್ಕೆ ಆಲ್ ಔಟ್ ಮಾಡಿದರು. ನಮ್ಮ ಶ್ರೇಯಾಂಕಾ ಪಾಟೀಲ್ 12 ರನ್‌ಗೆ 4 ವಿಕೆಟ್. ಕೊನೆಯ ಓವರ್‌ನಲ್ಲಿ 8 ವಿಕೆಟ್‌ಗಳ ಗೆಲುವು. ಆ ರಾತ್ರಿ ಬೆಂಗಳೂರಿನ ಬೀದಿಗಳಲ್ಲಿ ಹುಡುಗರು ಕುಣಿದರು. ಹದಿನಾರು ವರ್ಷದ ಬರ ನೀಗಿಸಿದ್ದು ಹೆಣ್ಣುಮಕ್ಕಳು ಅನ್ನೋದು ನನಗೆ ಈಗಲೂ ಖುಷಿ ಕೊಡುವ ವಿಷಯ.

ಮತ್ತೆ 2025ರ ಜೂನ್ 3, ಮಂಗಳವಾರ, ಅಹಮದಾಬಾದ್. ಆರ್‌ಸಿಬಿ 9 ವಿಕೆಟ್‌ಗೆ 190. ಪಂಜಾಬ್ ಪರ ಶಶಾಂಕ್ ಸಿಂಗ್ ಕೊನೆಯವರೆಗೂ ಹೊಡೆಯುತ್ತಲೇ ಇದ್ದರು, 61 ಮಾಡಿ ಔಟಾಗದೆ ಉಳಿದರು. ಪಂಜಾಬ್ 7 ವಿಕೆಟ್‌ಗೆ 184. ಗೆಲುವಿನ ಅಂತರ ಎಷ್ಟು ಗೊತ್ತಲ್ಲ? ಆರು ರನ್. ಅದೇ ಆರು.

ಆವತ್ತು ನಾನು ಊರಲ್ಲಿದ್ದೆ. ಕೊನೆಯ ಓವರ್ ಮುಗಿಯುವ ಮೊದಲೇ ಬೀದಿಯಲ್ಲಿ ಪಟಾಕಿ ಶುರುವಾಗಿತ್ತು. ಹುಡುಗರು ಬೈಕ್ ಹತ್ತಿ ಬಾವುಟ ಹಿಡಿದು ಬಸ್ ಸ್ಟ್ಯಾಂಡ್‌ವರೆಗೂ ಹೋಗಿ ಬಂದರು. ದೊಡ್ಡಪ್ಪ ಪಂಚೆ ಎತ್ತಿ ಕಟ್ಟಿಕೊಂಡು ಬಾಗಿಲಿಗೆ ಬಂದು ನಿಂತಿದ್ದರು. ನಾನು ನೋಡುತ್ತಿದ್ದೇನೆ ಅಂತ ಗೊತ್ತಾಗಿ, ಒಂದು ಕೈ ಮೇಲೆತ್ತಿ ತೋರಿಸಿದರು. ಒಂದು ಗಂಟೆಯ ಹೊತ್ತಿಗೆ ಎಲ್ಲರೂ ಮನೆ ಸೇರಿ ಮಲಗಿದ್ದರು.

ಸಂಭ್ರಮ ಅಲ್ಲಿಗೇ ನಿಂತಿದ್ದರೆ ಈ ಬರಹ ಬರೆಯುತ್ತಿರಲಿಲ್ಲ.

ಮಾರನೇ ದಿನ ಬುಧವಾರ ತಂಡ ಬೆಂಗಳೂರಿಗೆ ಬಂತು. ಗೆದ್ದು ಇನ್ನೂ ಇಪ್ಪತ್ನಾಲ್ಕು ಗಂಟೆ ಆಗಿರಲಿಲ್ಲ. ವಿಧಾನಸೌಧದ ಮುಂದೆ ಸನ್ಮಾನ, ಆಮೇಲೆ ಚಿನ್ನಸ್ವಾಮಿಯಲ್ಲಿ ಸಮಾರಂಭ. ಬೆಳಗಿನಿಂದಲೇ ಎಲ್ಲರ ಮೊಬೈಲಿನಲ್ಲೂ ಅದೇ ಸುದ್ದಿ. ಆಫೀಸಿನಲ್ಲಿ ನನ್ನ ಪಕ್ಕದ ಸೀಟಿನವರು ಊಟಕ್ಕೆ ಮೊದಲೇ ಬ್ಯಾಗ್ ಎತ್ತಿಕೊಂಡರು, "ಬಾರೋ, ಇಂಥ ದಿನ ಮತ್ತೆ ಬರಲ್ಲ" ಅಂದರು. ನನಗೆ ಒಂದು ಕಾಲ್ ಇತ್ತು, ತಪ್ಪಿಸುವ ಹಾಗಿರಲಿಲ್ಲ. ಹೋಗಲಿಲ್ಲ. ಅಷ್ಟೇ ವ್ಯತ್ಯಾಸ. ಇದರಲ್ಲಿ ನನ್ನ ಬುದ್ಧಿವಂತಿಕೆ ಏನೂ ಇಲ್ಲ.

ಸುಮಾರು ಮೂವತ್ತೈದು ಸಾವಿರ ಜನ ಹಿಡಿಸುವ ಸ್ಟೇಡಿಯಂ. ಎರಡು ಮೂರು ಲಕ್ಷ ಜನ ಬಂದಿದ್ದರು ಅಂತ ಆಮೇಲೆ ಮುಖ್ಯಮಂತ್ರಿಗಳೇ ಹೇಳಿದರು. ಬಾಗಿಲುಗಳ ಹತ್ತಿರ ನೂಕುನುಗ್ಗಲಾಗಿ ಹನ್ನೊಂದು ಜನ ಸತ್ತರು, ಐವತ್ತಕ್ಕೂ ಹೆಚ್ಚು ಜನರಿಗೆ ಗಾಯ. ಸತ್ತವರಲ್ಲಿ ಹೆಚ್ಚಿನವರು ನನಗಿಂತ ಚಿಕ್ಕವರು. ಆ ಸಂಜೆ ಅಮ್ಮ ಎಂಟು ಸಲ ಫೋನ್ ಮಾಡಿದ್ದರು. ನಾನು ಕಾಲ್‌ನಲ್ಲಿದ್ದೆ, ಎತ್ತಿರಲಿಲ್ಲ. ಎತ್ತಿದಾಗ ಅವರು "ಎಲ್ಲಿದ್ದೀಯಪ್ಪಾ?" ಅಂದಿದ್ದು ಬಿಟ್ಟರೆ ಮುಂದೆ ಏನೂ ಮಾತಾಡಲಿಲ್ಲ. ನನ್ನ ಜೊತೆಯವರು ರಾತ್ರಿ ಮನೆ ಸೇರಿದರು, ಒಬ್ಬರ ಕಾಲಲ್ಲಿ ಚಪ್ಪಲಿ ಇರಲಿಲ್ಲ.

ಆಮೇಲೆ ಎಷ್ಟೋ ಜನ ಹೇಳಿದ್ದನ್ನು ಕೇಳಿದೆ. "ಆಟ ನೋಡೋಕೆ ಹೋಗಿ ಸಾಯೋರಿಗೆ ಬುದ್ಧಿ ಬೇಡ್ವಾ?" ಅಂತ. ಈ ಮಾತು ಹೊಸದಲ್ಲ. 1989ರ ಏಪ್ರಿಲ್ 15ರಂದು ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ, ಹಿಲ್ಸ್‌ಬರೋ ಸ್ಟೇಡಿಯಂನಲ್ಲಿ, ಲಿವರ್‌ಪೂಲ್ ತಂಡದ ಅಭಿಮಾನಿಗಳು ಕಾಲ್ತುಳಿತಕ್ಕೆ ಸಿಕ್ಕಿದರು. ಒಟ್ಟು 97 ಜನ ಸತ್ತರು. ಅವರಿಗೂ ಕುಡುಕರು, ಪುಂಡರು ಅಂತ ಹೆಸರಿಟ್ಟಿದ್ದರು. ತಪ್ಪು ಅಭಿಮಾನಿಗಳದ್ದಲ್ಲ ಅಂತ ತೀರ್ಪುಗಾರರು ಹೇಳಿದ್ದು 2016ರಲ್ಲಿ. ಇಪ್ಪತ್ತೇಳು ವರ್ಷ ಆ ಮನೆಯವರು ಸತ್ತವರ ದುಃಖದ ಜೊತೆ ಕೆಟ್ಟ ಹೆಸರನ್ನೂ ಹೊತ್ತರು.

ನಮ್ಮಲ್ಲಿ ವಿಚಾರಣೆಗೆ ನೇಮಿಸಿದ ನ್ಯಾಯಮೂರ್ತಿ ಮೈಕೆಲ್ ಡಿ'ಕುನ್ಹಾ ಆಯೋಗ 2025ರ ಜುಲೈನಲ್ಲಿ ವರದಿ ಕೊಟ್ಟಿತು. ಅಷ್ಟು ದೊಡ್ಡ ಜನಸಂದಣಿಗೆ ಆ ಸ್ಟೇಡಿಯಂನ ರಚನೆಯೇ ಸುರಕ್ಷಿತವಲ್ಲ ಅಂದಿತು. ಆ ವರ್ಷ ಮಹಿಳಾ ವಿಶ್ವಕಪ್‌ನ ಪಂದ್ಯತಾಣಗಳಲ್ಲಿ ಬೆಂಗಳೂರಿನ ಜಾಗಕ್ಕೆ ನವಿ ಮುಂಬೈ ಬಂತು. ನವೆಂಬರ್ 2ಕ್ಕೆ ಭಾರತ ಗೆದ್ದಿದ್ದೂ ಅಲ್ಲೇ. ಮತ್ತೊಂದು ಗೆಲುವು, ಮತ್ತೆ ಹೊರಗೆ.

ಜನ ಯಾಕೆ ಹೋದರು ಅಂತ ಕೇಳುವವರಿಗೆ ನನ್ನ ಉತ್ತರ ದೊಡ್ಡಪ್ಪನ ಲೆಕ್ಕದಲ್ಲಿದೆ. ಐವತ್ತು ವರ್ಷದಿಂದ ನಮ್ಮ ಹೆಚ್ಚಿನ ಗೆಲುವು ಜೈಪುರ, ಮುಂಬೈ, ಚೆನ್ನೈ, ದೆಹಲಿ, ಅಹಮದಾಬಾದಿನಲ್ಲೇ ಆಗಿದೆ. ಒಂದು ಸಲ ಅದು ನಮ್ಮೂರಿಗೆ ಬಂದಾಗ ಹತ್ತಿರದಿಂದ ನೋಡಬೇಕು ಅನ್ನಿಸಿದ್ದು ತಪ್ಪೇನಲ್ಲ. ನನಗೂ ಅನ್ನಿಸಿತ್ತು. 1983ರಲ್ಲಿ ಹೋಟೆಲಿನಲ್ಲಿ ಕಾಫಿ ಕುಡಿದವರಿಗೂ ಅನ್ನಿಸಿರುತ್ತೆ, ಆದರೆ ಅವರನ್ನು ಯಾರೂ ಒಂದೇ ಬಾಗಿಲಿಗೆ ಕರೆಯಲಿಲ್ಲ. ಅವರ ಸಂಭ್ರಮಕ್ಕೆ ಊರಿಗೊಂದು ಜಗಲಿ, ಬೀದಿಗೊಂದು ಹೋಟೆಲ್ ಇತ್ತು. ನಮ್ಮನ್ನು ಎಲ್ಲಾ ಮೊಬೈಲಿನಿಂದಲೂ ಒಂದೇ ಹೊತ್ತಿಗೆ ಒಂದೇ ಜಾಗಕ್ಕೆ ಕರೆದರು, ಬಂದವರಿಗೆ ಜಾಗ ಮಾಡಲಿಲ್ಲ. ಒಂದು ವಾರ ತಡೆದು, ಒಂದೊಂದು ದಿನ ಒಂದೊಂದು ಊರಿಗೆ ಕಪ್ ತಂದಿದ್ದರೆ? ದೊಡ್ಡಬಳ್ಳಾಪುರದ ಮೈದಾನಕ್ಕೂ ಅರ್ಧ ಗಂಟೆ ಬಂದಿದ್ದರೆ ಸಾಕಿತ್ತು. ದೊಡ್ಡಪ್ಪನೂ ನೋಡುತ್ತಿದ್ದರು.

ಮೊನ್ನೆ ಊರಿಗೆ ಹೋದಾಗ ಈ ಮಾತು ಅವರ ಹತ್ತಿರ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಆವತ್ತು ರಾತ್ರಿ ನಾನು ಕೈ ಎತ್ತಿದ್ನಲ್ಲ, ಆ ಮಕ್ಕಳೂ ಎಲ್ಲೋ ಅವರವರ ಮನೆ ಬಾಗಿಲಲ್ಲಿ ಕೈ ಎತ್ತಿರ್ತಾರೆ ಕಣೋ" ಅಂದರು.

ನಾನು ಅದನ್ನು ಯೋಚಿಸಿರಲಿಲ್ಲ. ಅಂದಿನಿಂದ ಅದೇ ಯೋಚನೆ.