ಆಟಕ್ಕುಂಟು, ಲೆಕ್ಕಕ್ಕಿಲ್ಲ

ಹಳ್ಳಿಯಲ್ಲಿ ಬೆಳೆದೋರಿಗೆ ಈ ಮಾತು ಹೊಸದಲ್ಲ. ಅಣ್ಣನ ಹಿಂದೆ ಓಡಿ ಬರೋ ಪುಟ್ಟ ತಮ್ಮನನ್ನ ಆಟದಿಂದ ಓಡಿಸೋ ಹಾಗಿಲ್ಲ, ಮನೆಗೆ ಹೋಗಿ ಚಾಡಿ ಹೇಳ್ತಾನೆ. ಅದಕ್ಕೆ ಅವನು ಆಟಕ್ಕುಂಟು, ಲೆಕ್ಕಕ್ಕಿಲ್ಲ. ಓಡ್ತಾನೆ, ಚೆಂಡು ತಂದುಕೊಡ್ತಾನೆ, ಆದರೆ ಅವನು ಔಟಾದರೂ ಔಟಲ್ಲ, ರನ್ ಹೊಡೆದರೂ ರನ್ನಲ್ಲ. ಗೋಲಿ ಆಟದಲ್ಲಿ ಇನ್ನೊಂದು ಉಪಾಯ ಇತ್ತು. ಚಿಕ್ಕವನಿಗೆ ಎರಡು ಗೇಣು ಮುಂದೆ ನಿಂತು ಹೊಡೆಯೋಕೆ ಬಿಡೋದು. ಆಗ ಅವನೂ ಲೆಕ್ಕಕ್ಕೆ ಬರ್ತಾನೆ, ಸೋತರೆ ಗೋಲಿ ಕೊಡಲೇಬೇಕು.

ಗಾಲ್ಫ್ ಎಂಬ ಆಟ ಈ ಎರಡನ್ನೂ ಮಾಡಿದೆ. ಸರಿಯಾಗಿ ಆಡೋಕೆ ಬಾರದ ಸದಸ್ಯನಿಗೆ ಎರಡು ಗೇಣು ಬಿಟ್ಟುಕೊಟ್ಟು ಲೆಕ್ಕಕ್ಕೆ ತಂದಿದೆ. ಬೆಳಗಿಂದ ಸಂಜೆವರೆಗೆ ಅದೇ ಮೈದಾನದಲ್ಲಿ ಇರೋ ಇನ್ನೊಬ್ಬನನ್ನ ಲೆಕ್ಕದಿಂದ ಹೊರಗಿಟ್ಟಿದೆ.

ನಾನು ಗಾಲ್ಫ್ ಆಡೋನಲ್ಲ. ಕಾಡುಗೋಡಿಯಲ್ಲಿ ಮನೆ, ಐಟಿಪಿಎಲ್ ಕಡೆ ಕೆಲಸ. ಆಫೀಸಿನ ದೊಡ್ಡೋರು ಬೇರೆ ಕಂಪನಿಗಳ ಜೊತೆ ತಂಡ ಕಟ್ಟಿ ಆಡ್ತಾರೆ. "ನೀನು ಬಿಇ ಅಲ್ವಾ, ಸ್ಕೋರಿಗೆ ಒಂದು ಎಕ್ಸೆಲ್ ಮಾಡಿಕೊಡು" ಅಂದರು. ಹೆಸರು, ಹ್ಯಾಂಡಿಕ್ಯಾಪ್ ಇಂಡೆಕ್ಸ್, ಹೋಮ್ ಕ್ಲಬ್, ಸರ್ಟಿಫಿಕೇಟ್ ದಿನಾಂಕ ಅಂತ ಕಾಲಂ ಕೊಟ್ಟರು. ಫಾರ್ಮುಲಾ ಹುಡುಕ್ತಾ ಹೋದವನು ಚರಿತ್ರೆಯಲ್ಲಿ ಸಿಕ್ಕಿಕೊಂಡೆ.

ಹ್ಯಾಂಡಿಕ್ಯಾಪ್ ಅಂದ್ರೆ ಬೇರೇನೂ ಅಲ್ಲ, ಬಿಟ್ಟುಕೊಡೋ ಹೊಡೆತಗಳ ಸಂಖ್ಯೆ. ಹ್ಯಾಂಡಿಕ್ಯಾಪ್ 18 ಇರೋನು 90 ಹೊಡೆತದಲ್ಲಿ 18 ಹೋಲ್ ಮುಗಿಸಿದರೆ ಲೆಕ್ಕದಲ್ಲಿ 72. ಈ ತಲೆನೋವು ಹಳೇದು. 1687ರಲ್ಲೇ ಎಡಿನ್‌ಬರೋದ ಥಾಮಸ್ ಕಿನ್‌ಕೇಡ್ ಎಂಬ ವೈದ್ಯಕೀಯ ವಿದ್ಯಾರ್ಥಿ ತನ್ನ ದಿನಚರಿಯಲ್ಲಿ ಇದನ್ನ ಕೇಳಿಕೊಂಡಿದ್ದಾನೆ: ಬಲ್ಲವನೂ ಬಾರದವನೂ ಆಡುವಾಗ ಆಟವನ್ನ ಸಮ ಮಾಡಬೇಕೋ, ಇಲ್ಲಾ ಪಣವನ್ನ ಹೆಚ್ಚುಕಡಿಮೆ ಮಾಡಬೇಕೋ?

ಒಂದೇ ಕ್ಲಬ್ಬಿನೊಳಗೆ ಇದು ಸುಲಭ. ಯಾರು ಹೇಗೆ ಆಡ್ತಾರೆ ಅಂತ ಎಲ್ಲರಿಗೂ ಗೊತ್ತು. ಕ್ಲಬ್ಬಿಗೂ ಕ್ಲಬ್ಬಿಗೂ ಪಂದ್ಯ ಅಂದಾಗ ತಕರಾರು ಶುರು. ನಿಮ್ಮೂರ 12 ನಮ್ಮೂರ 12ಕ್ಕೆ ಸಮ ಅಂತ ಹೇಗೆ ನಂಬೋದು?

ಇದನ್ನ ದೇಶದ ಮಟ್ಟದಲ್ಲಿ ಮೊದಲು ಬಿಡಿಸಿದ್ದು ಹೆಂಗಸರು. 1893ರಲ್ಲಿ ಬ್ರಿಟನ್ನಿನಲ್ಲಿ ಲೇಡೀಸ್ ಗಾಲ್ಫ್ ಯೂನಿಯನ್ ಹುಟ್ಟಿತು. ಅದರ ಕಾರ್ಯದರ್ಶಿ ಇಸೆಟ್ ಪಿಯರ್ಸನ್ ಎಲ್ಲ ಕ್ಲಬ್ಬುಗಳಿಗೂ ಒಂದೇ ಅಳತೆಗೋಲು ತರೋಕೆ ಹಟ ಹಿಡಿದರು. ಗಂಡಸರ ಕ್ಲಬ್ಬುಗಳು ಇಂಥ ಒಪ್ಪಂದಕ್ಕೆ ಬಂದದ್ದು 1920ರ ದಶಕದಲ್ಲಿ. ಅಮೆರಿಕದಲ್ಲಿ 1911ಕ್ಕೇ ರಾಷ್ಟ್ರಮಟ್ಟದ ಪದ್ಧತಿ ಬಂತು.

ಆಮೇಲೆ ಅಂಕ ಎಣಿಸೋ ರೀತಿಯೂ ಬದಲಾಯ್ತು. ಫ್ರ್ಯಾಂಕ್ ಸ್ಟೇಬಲ್‌ಫರ್ಡ್ ಎಂಬ ವೈದ್ಯರು 1898ರಲ್ಲಿ ವೇಲ್ಸ್‌ನಲ್ಲಿ ಪ್ರಯೋಗ ಮಾಡಿ, 1932ರಲ್ಲಿ ಇಂಗ್ಲೆಂಡಿನ ವಾಲಸಿ ಕ್ಲಬ್ಬಿನಲ್ಲಿ ಜಾರಿಗೆ ತಂದ ಪದ್ಧತಿ ಇವತ್ತು ತಂಡದ ಪಂದ್ಯಗಳಲ್ಲಿ ಎಲ್ಲೆಲ್ಲೂ ಇದೆ. ಒಳ್ಳೇ ಆಟಗಾರ ಒಂದು ಹೋಲ್‌ಗೆ ತಗೊಳ್ಳಬೇಕಾದ ಹೊಡೆತಕ್ಕೆ ಪಾರ್ ಅಂತಾರೆ. ಬಿಟ್ಟುಕೊಟ್ಟ ಹೊಡೆತ ಕಳೆದ ಮೇಲೆ ಪಾರ್ ಬಂದರೆ 2 ಅಂಕ, ಒಂದು ಹೆಚ್ಚಾದರೆ 1, ಒಂದು ಕಡಿಮೆಯಾದರೆ 3. ಎರಡೋ ಅದಕ್ಕಿಂತ ಜಾಸ್ತಿಯೋ ಹೆಚ್ಚಾದರೆ ಸೊನ್ನೆ, ಚೆಂಡು ಎತ್ತಿಕೊಂಡು ಮುಂದಿನ ಹೋಲ್‌ಗೆ ನಡಿ. ಒಂದು ಹೋಲ್‌ನಲ್ಲಿ ಎಡವಿದೋನು ಇಡೀ ದಿನ ಕಳಕೊಳ್ಳಲ್ಲ.

ಈಗಿನ ಲೆಕ್ಕ ಇನ್ನೂ ನಾಜೂಕು. 2020ರಲ್ಲಿ ಬಂದ ವಿಶ್ವ ಹ್ಯಾಂಡಿಕ್ಯಾಪ್ ಪದ್ಧತಿಯಲ್ಲಿ ಕೊನೆಯ 20 ಸುತ್ತಿನಲ್ಲಿ ಅತ್ಯುತ್ತಮ 8ರ ಸರಾಸರಿಯಿಂದ ಇಂಡೆಕ್ಸ್ ಬರುತ್ತೆ. ಗರಿಷ್ಠ 54. ಅದನ್ನ ಮೈದಾನದ ಕಷ್ಟಕ್ಕೆ ತಕ್ಕಂತೆ ಬದಲಿಸಬೇಕು. ಸ್ಲೋಪ್ ಎಂಬ ಸಂಖ್ಯೆಯನ್ನ 113ರಿಂದ ಭಾಗಿಸಿ ಇಂಡೆಕ್ಸಿಗೆ ಗುಣಿಸೋದು, ಜೊತೆಗೆ ಮೈದಾನದ ರೇಟಿಂಗಿಗೂ ಪಾರ್‌ಗೂ ಇರೋ ವ್ಯತ್ಯಾಸ ಸೇರಿಸೋದು. ರೇಟಿಂಗೂ ಪಾರೂ ಒಂದೇ ಅಂತಿಟ್ಕೊಳ್ಳಿ. ಇಂಡೆಕ್ಸ್ 18 ಇರೋನಿಗೆ ಸ್ಲೋಪ್ 113ರ ಮೈದಾನದಲ್ಲಿ 18 ಹೊಡೆತ, 135ರ ಮೈದಾನದಲ್ಲಿ 22. ಬೆಂಗಳೂರಲ್ಲೇ ನೋಡಿ, ಹೈಗ್ರೌಂಡ್ಸ್‌ನ ಹಳೇ ಮೈದಾನ ಊರ ನಡುವೆ ಒತ್ತೊತ್ತಾಗಿರೋ ಚಿಕ್ಕದು, ಚಲ್ಲಘಟ್ಟದ ಕೆಜಿಎ ಉದ್ದದ್ದು. ಇಬ್ಬರನ್ನೂ ಒಂದೇ ತಕ್ಕಡಿಗೆ ಹಾಕೋಕೆ ಈ ಗುಣಾಕಾರ ಬೇಕೇ ಬೇಕು.

ತಂಡವಾದರೆ ಇನ್ನೊಂದು ಕತ್ತರಿ. ನಾಲ್ವರಲ್ಲಿ ಪ್ರತಿ ಹೋಲ್‌ಗೆ ಅತ್ಯುತ್ತಮ ಇಬ್ಬರ ಅಂಕ ಹಿಡಿಯೋದಾದರೆ ಪೂರ್ತಿ ಹ್ಯಾಂಡಿಕ್ಯಾಪ್ ಕೊಡಲ್ಲ, ಶೇ. 85 ಮಾತ್ರ. 20 ಇದ್ದೋನಿಗೆ 17. ಒಬ್ಬರದ್ದೇ ಹಿಡಿದರೆ ಶೇ. 75. ಕಾರಣ ಇದೆ. ಹೆಚ್ಚು ಹ್ಯಾಂಡಿಕ್ಯಾಪಿನೋನ ಆಟ ಏರುಪೇರು ಜಾಸ್ತಿ. ಅವನ ಕೆಟ್ಟ ಹೋಲನ್ನ ಜೊತೆಗಾರ ಮುಚ್ಚಿಬಿಡ್ತಾನೆ, ಒಳ್ಳೇದು ಮಾತ್ರ ಲೆಕ್ಕಕ್ಕೆ ಬರುತ್ತೆ. ಇಬ್ಬರು ಒಂದೇ ಚೆಂಡನ್ನ ಸರದಿಯಲ್ಲಿ ಹೊಡೆಯೋ ಫೋರ್ಸಮ್ಸ್ ಆದರೆ ಇಬ್ಬರದ್ದೂ ಕೂಡಿಸಿ ಅರ್ಧ.

ಮೋಸಕ್ಕೂ ಮದ್ದಿದೆ. ನಮ್ಮ ಕಡೆ ತೂಕದ ಕಬಡ್ಡಿಗೆ ಹುಡುಗರು ಉಪವಾಸ ಬಿದ್ದು ತೂಕ ಇಳಿಸ್ತಾರಲ್ಲ, ಹಾಗೆ ಇಲ್ಲಿ ಬೇಕಂತಲೇ ಕೆಟ್ಟದಾಗಿ ಆಡಿ ಹ್ಯಾಂಡಿಕ್ಯಾಪ್ ಏರಿಸಿಕೊಳ್ಳೋರಿದ್ದಾರೆ. ಅದಕ್ಕೇ ಒಂದು ವರ್ಷದ ಕನಿಷ್ಠ ಇಂಡೆಕ್ಸಿಗಿಂತ 5ಕ್ಕಿಂತ ಹೆಚ್ಚು ಏರೋ ಹಾಗಿಲ್ಲ. ಇದ್ದಕ್ಕಿದ್ದಂತೆ ತನ್ನ ಮಟ್ಟಕ್ಕಿಂತ 7 ಹೊಡೆತ ಚೆನ್ನಾಗಿ ಆಡಿದರೆ ಇಂಡೆಕ್ಸ್ ತಾನಾಗೇ 1 ಇಳಿಯುತ್ತೆ, 10 ಆದರೆ 2. ಪಂದ್ಯ ನಡೆಸೋರು ಇದರ ಮೇಲೆ ತಮ್ಮದೊಂದು ಮಿತಿ, ಸರ್ಟಿಫಿಕೇಟಿಗೊಂದು ಕಟ್-ಆಫ್ ದಿನ ಇಡ್ತಾರೆ. ಪ್ರೋಗ್ರಾಮರ್ ಕಣ್ಣಿಗೆ ಇದು ನಿಜಕ್ಕೂ ಚೆಂದದ ಕೋಡ್. ಮುನ್ನೂರು ವರ್ಷ ಜನ ಬಗ್ ಹುಡುಕಿ ಹುಡುಕಿ ಸರಿಮಾಡಿದ್ದಾರೆ.

ನನಗೆ ತೊಡಕಾಗಿದ್ದು 'ಹೋಮ್ ಕ್ಲಬ್' ಎಂಬ ಕಾಲಂ. ಅದು ಖಾಲಿ ಇದ್ದರೆ ಮುಂದಿನ ಯಾವ ಫಾರ್ಮುಲಾನೂ ಓಡಲ್ಲ.

ಈ ಕಾಲಂ ಅಂತರ-ಕ್ಲಬ್ ಪಂದ್ಯದಷ್ಟೇ ಹಳೇದು. 1857ರಲ್ಲಿ ಸ್ಕಾಟ್ಲೆಂಡಿನ ಪ್ರೆಸ್ಟ್‌ವಿಕ್ ಕ್ಲಬ್ಬಿನ ಸಲಹೆಯಂತೆ ಸೇಂಟ್ ಆಂಡ್ರೂಸ್‌ನಲ್ಲಿ ಕ್ಲಬ್ಬುಗಳ ನಡುವೆ ಮೊದಲ ದೊಡ್ಡ ಪಂದ್ಯಾವಳಿ ನಡೀತು. ಜೋಡಿಗಳ ಫೋರ್ಸಮ್ಸ್. ಲಂಡನ್ನಿನ ಬ್ಲ್ಯಾಕ್‌ಹೀತ್ ಕ್ಲಬ್ ಗೆದ್ದಿತು. ಆಡಿದೋರು ಕ್ಲಬ್ಬಿನ ಸದಸ್ಯರು, ಅಂದ್ರೆ ಸಾಹುಕಾರರು. ಆ ಕಾಲದ ಅತ್ಯುತ್ತಮ ಆಟಗಾರರು ಅವರಲ್ಲ. ಅವರ ಬ್ಯಾಗ್ ಹೊರುತ್ತಿದ್ದ, ಅವರಿಗೆ ಚೆಂಡು, ಕೋಲು ಮಾಡಿಕೊಡುತ್ತಿದ್ದ ಕ್ಯಾಡಿಗಳು. 1860ರಲ್ಲಿ ಪ್ರೆಸ್ಟ್‌ವಿಕ್‌ನವರು ಅವರಿಗೇ ಬೇರೆ ಪಂದ್ಯ ಇಟ್ಟರು. ನಿಮ್ಮಲ್ಲಿರೋ ಮರ್ಯಾದಸ್ಥ ಕ್ಯಾಡಿಗಳನ್ನ ಕಳಿಸಿ ಅಂತ ಕ್ಲಬ್ಬುಗಳಿಗೆ ಪತ್ರ ಹೋಯ್ತು. ಬಂದೋರು 8 ಜನ, ಗೆದ್ದೋನು ವಿಲ್ಲಿ ಪಾರ್ಕ್. ಇವತ್ತು ಜಗತ್ತೇ ನೋಡೋ ಓಪನ್ ಚಾಂಪಿಯನ್‌ಶಿಪ್ ಹುಟ್ಟಿದ್ದು ಹೀಗೆ. ಆದರೆ ಸಾಲು ಎರಡಾಯ್ತು: ಸದಸ್ಯರದ್ದೊಂದು, ಕ್ಯಾಡಿಗಳದ್ದೊಂದು. 1880ರ ದಶಕದಲ್ಲಿ ಹವ್ಯಾಸಿ ಯಾರು ಅಂತ ನಿಯಮ ಬರೆಯುವಾಗ, 15 ವಯಸ್ಸು ದಾಟಿದ ಮೇಲೆ ಕೂಲಿಗೆ ಬ್ಯಾಗ್ ಹೊತ್ತವನು ಹವ್ಯಾಸಿಯಲ್ಲ ಅಂತಲೂ ಸೇರಿಸಿದರು. ಹೊಟ್ಟೆಪಾಡೇ ಅನರ್ಹತೆ ಆಯ್ತು.

ಆ ಹೊತ್ತಿಗೆ ಆಟ ನಮ್ಮಲ್ಲಿಗೂ ಬಂದಿತ್ತು. ಬೆಂಗಳೂರು ಗಾಲ್ಫ್ ಕ್ಲಬ್ ಶುರುವಾದದ್ದು 1876ರಲ್ಲಿ. ನಮ್ಮ ವೈಟ್‌ಫೀಲ್ಡ್ ಸ್ಟೇಷನ್ನಿನಲ್ಲಿ ಮಾರಿಕುಪ್ಪಂ ರೈಲು ಹತ್ತಿದರೆ ಸಿಗೋ ಕೆಜಿಎಫ್‌ನಲ್ಲೂ ಚಿನ್ನದ ಗಣಿಯ ಸಾಹೇಬರು ಗಾಲ್ಫ್ ಮೈದಾನ ಮಾಡಿಕೊಂಡಿದ್ದರು. ಕೊಡಗಿನ ಕಾಫಿ ಪ್ಲಾಂಟರುಗಳೂ ಅಷ್ಟೇ. ಎಲ್ಲೆಡೆ ಬ್ಯಾಗ್ ಹೊತ್ತದ್ದು ಅಕ್ಕಪಕ್ಕದ ಹಳ್ಳಿ, ಕೇರಿಗಳ ಹುಡುಗರು. ಗಾಳಿ ಯಾವ ಕಡೆ, ಹುಲ್ಲು ಎತ್ತ ವಾಲಿದೆ ಅಂತ ಹೇಳಿಕೊಟ್ಟು ಗೆಲ್ಲಿಸಿದೋರು ಅವರು. ಸ್ಕೋರ್‌ಕಾರ್ಡಿನಲ್ಲಿ ಅವರ ಹೆಸರಿಗೆ ಜಾಗ ಇಲ್ಲ.

ನಮ್ಮ ದೇಶದ ಹಲವು ಕ್ಲಬ್ಬುಗಳಲ್ಲಿ ಮೈದಾನ ಮುಚ್ಚಿದ ದಿನ ಕ್ಯಾಡಿಗಳಿಗೆ ಆಡೋಕೆ ಬಿಡ್ತಾರೆ. ಅಲ್ಲಿ ಕಲಿತೋರು ಎಲ್ಲಿಗೆ ಹೋದರು? ನೇರ ವೃತ್ತಿಪರ ಆಟಕ್ಕೆ. ದೆಹಲಿಯಲ್ಲಿ ಕ್ಯಾಡಿಯಾಗಿದ್ದ ಅಲಿ ಶೇರ್ 1991ರಲ್ಲಿ ಇಂಡಿಯನ್ ಓಪನ್ ಗೆದ್ದರು. ಅದಕ್ಕೂ ಮೊದಲು ಆ ಟ್ರೋಫಿ ಗೆದ್ದಿದ್ದ ಒಬ್ಬನೇ ಭಾರತೀಯ, 1965ರ ಪಿ.ಜಿ. ಸೇಠಿ, ಹವ್ಯಾಸಿ. ಹವ್ಯಾಸ ಅನ್ನೋದಕ್ಕೆ ಬಿಡುವೂ ಬೇಕು, ಸದಸ್ಯತ್ವವೂ ಬೇಕು. ಕ್ಯಾಡಿಗೆ ದುಡ್ಡಿಗಾಗಿ ಆಡೋ ಬಾಗಿಲು ತೆರೆದಿತ್ತು, ಸುಮ್ಮನೆ ಖುಷಿಗೆ ತಂಡದಲ್ಲಿ ಆಡೋ ಬಾಗಿಲು ಇರಲಿಲ್ಲ.

ಇದಕ್ಕೊಂದು ಅಪವಾದ ನಮ್ಮ ಚಿಕ್ಕರಂಗಪ್ಪ. ಬಿಡದಿ ಹತ್ತಿರದ ಈಗಲ್‌ಟನ್ ಮೈದಾನದ ಪಕ್ಕದ ಹಳ್ಳಿಯ ಹುಡುಗ, ಕ್ಯಾಡಿಯಾಗಿ ಶುರುಮಾಡಿದೋರು. ಕೋಚ್ ವಿಜಯ್ ದಿವೇಚ ಕೈಗೆ ಸಿಕ್ಕಿ ಹವ್ಯಾಸಿ ಮಟ್ಟದಲ್ಲೇ ಹೆಸರು ಮಾಡಿ, ಆಮೇಲೆ ವೃತ್ತಿಪರರಾದರು. ಪ್ರತಿಭೆ ಇತ್ತು, ನಿಜ. ಜೊತೆಗೆ ಯಾರೋ ಒಬ್ಬರು ಗೇಟು ತೆಗೆದರು.

ಈಗ ಬ್ಯಾಗ್ ಹೊತ್ತರೆ ಹವ್ಯಾಸಿ ಪಟ್ಟ ಹೋಗಲ್ಲ, ಆ ಹಳೇ ನಿಯಮ ಸತ್ತಿದೆ. 2021ರಲ್ಲಿ ಇಂಗ್ಲೆಂಡಿನಲ್ಲಿ ಐಗಾಲ್ಫ್ ಅಂತ ಒಂದು ವ್ಯವಸ್ಥೆಯೂ ಬಂತು. ಕ್ಲಬ್ ಸದಸ್ಯರಲ್ಲದೋರೂ ಒಂದಿಷ್ಟು ಶುಲ್ಕ ಕಟ್ಟಿ ಅಧಿಕೃತ ಇಂಡೆಕ್ಸ್ ಪಡೀಬಹುದು. ಹಾಗಂತ ಅದರಿಂದ ಕ್ಲಬ್ ತಂಡದಲ್ಲಿ ಜಾಗ ಸಿಗಲ್ಲ. ಕ್ಲಬ್ ತಂಡ ಅಂದ್ಮೇಲೆ ಸದಸ್ಯರೇ ಇರಬೇಕು ಅನ್ನೋದು ನ್ಯಾಯ ತಾನೇ ಅಂತ ನೀವು ಕೇಳಬಹುದು. ನಮ್ಮೂರ ಟೆನ್ನಿಸ್ ಬಾಲ್ ಟೂರ್ನಿಯಲ್ಲೂ ಹೊರಗಿನೋರು ಬರಬಾರದು ಅಂತ ಆಧಾರ್ ಕಾರ್ಡ್ ನೋಡ್ತಾರೆ. ಆದರೆ ಅಲ್ಲಿ ಊರಿನಲ್ಲಿ ಹುಟ್ಟಿದ್ದರೆ, ಬಾಳ್ತಾ ಇದ್ದರೆ ಸಾಕು, ಅವನು ಊರಿನೋನೇ. ಇಪ್ಪತ್ತು ವರ್ಷ ಅದೇ ಹುಲ್ಲು ತುಳಿದ ಕ್ಯಾಡಿ ಯಾವ ಲೆಕ್ಕದಲ್ಲಿ ಆ ಮೈದಾನಕ್ಕೆ ಹೊರಗಿನೋನು?

ಆಟದಲ್ಲಿ 54 ಹೊಡೆತದ ಕೊರತೆ ಇರೋನನ್ನೂ ಸಮ ಮಾಡಿ ನಿಲ್ಲಿಸೋ ಗಣಿತ ಇವರ ಹತ್ರ ಇದೆ. ಕ್ಯಾಡಿಗಳಿಗೂ ಒಂದು ಇಂಡೆಕ್ಸ್ ಕೊಟ್ಟು, ವರ್ಷಕ್ಕೊಮ್ಮೆ ಸದಸ್ಯನೊಬ್ಬ ಕ್ಯಾಡಿಯೊಬ್ಬ ಜೋಡಿಯಾಗಿ ಆಡೋ ಅಂತರ-ಕ್ಲಬ್ ಫೋರ್ಸಮ್ಸ್ ಇಡೋಕೆ ಹೊಸ ಫಾರ್ಮುಲಾ ಏನೂ ಬೇಡ. ಇಬ್ಬರದ್ದೂ ಕೂಡಿಸಿ ಅರ್ಧ, ಅಷ್ಟೇ. ಎಕ್ಸೆಲ್ ಶೀಟ್ ನಾನೇ ಮಾಡಿಕೊಡ್ತೀನಿ.