ಪಾಯದ ಲೆಕ್ಕ

ಮನೆ ಕಟ್ಟಲು ಹೊರಟವರು ಸಾಮಾನ್ಯವಾಗಿ ಗೋಡೆ, ಸೂರು, ಬಾಗಿಲುಗಳ ಲೆಕ್ಕ ಹಾಕುತ್ತಾರೆ. ಸಾಗರ, ಹೊಸನಗರ, ತೀರ್ಥಹಳ್ಳಿಗಳ ಕಡೆ ಮನೆ ಕಟ್ಟಿಸಿದವರನ್ನು ಕೇಳಿ ನೋಡಿ. ಗೋಡೆ ಏಳುವ ಮೊದಲೇ ಕೈಯಲ್ಲಿದ್ದ ದುಡ್ಡನ್ನು ನೆಲ ನುಂಗಿತು ಎನ್ನುತ್ತಾರೆ. ಇಲ್ಲಿ ಸಮತಟ್ಟಾದ ಜಾಗವೆಲ್ಲ ಗದ್ದೆ ತೋಟಗಳಿಗೆ ಸೇರಿದ್ದು. ಮನೆಗೆ ಉಳಿಯುವುದು ಇಳಿಜಾರು. ಧರೆ ಕಡಿಯಬೇಕು, ಆ ಮಣ್ಣನ್ನು ಕೆಳಗೆ ತುಂಬಿ ಬಡಿದು ಗಟ್ಟಿ ಮಾಡಬೇಕು, ಅದು ಜಾರದಂತೆ ಕಲ್ಲು ಕಟ್ಟಬೇಕು, ನೀರು ಹರಿಯಲು ಚರಂಡಿ ತೆಗೆಯಬೇಕು. ತೀರ್ಥಹಳ್ಳಿ ತಾಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಹೆಚ್ಚು ಮಳೆ. ಗುದ್ದಲಿಯ ಕಾಲದಲ್ಲಿ ಬೇಕಾದಷ್ಟೇ ಕಡಿಯುತ್ತಿದ್ದರು. ಜೆಸಿಬಿ ಬಂದ ಮೇಲೆ ಧರೆಯನ್ನು ನೆಟ್ಟಗೆ ಸೀಳುವುದು ಸುಲಭವಾಯಿತು, ಮಳೆಗಾಲದಲ್ಲಿ ಅದು ಕುಸಿಯುವುದೂ ಸುಲಭವಾಯಿತು.

ನಮ್ಮ ಹಿರಿಯರಿಗೆ ಈ ಖರ್ಚನ್ನು ಹಗುರ ಮಾಡಿದ್ದು ಜಂಬಿಟ್ಟಿಗೆ. ನೆಲದೊಳಗೆ ಮೆದುವಾಗಿದ್ದು, ಕಡಿದು ಗಾಳಿಗೆ ಬಿಟ್ಟರೆ ಗಟ್ಟಿಯಾಗುವ ಕಲ್ಲು ಇದು. ಟಿಪ್ಪು ಸುಲ್ತಾನರ ಪತನದ ನಂತರ, 1800-01ರಲ್ಲಿ ಈ ಸೀಮೆಗಳನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್, ಮಲಬಾರಿನಲ್ಲಿ ಕಂಡ ಇದೇ ಕಲ್ಲಿಗೆ ‘ಲ್ಯಾಟರೈಟ್’ ಎಂದು ಹೆಸರಿಟ್ಟ. ಲ್ಯಾಟಿನ್ ಭಾಷೆಯಲ್ಲಿ ‘ಲ್ಯಾಟರ್’ ಎಂದರೆ ಇಟ್ಟಿಗೆ. ನಮ್ಮ ಕಲ್ಲುಕುಟಿಗರ ಮಾತಿನಲ್ಲೂ ಅದು ಇಟ್ಟಿಗೆಯೇ. ಇನ್ನು ‘ಬುನಾದಿ’ ಎಂಬ ಪದ ಫಾರ್ಸಿಯದು, ಅದನ್ನು ಹಾಕುವ ‘ಮೇಸ್ತ್ರಿ’ ಪೋರ್ಚುಗೀಸಿನಿಂದ ಬಂದವನು. ಮನೆ ಯಾವ ಜಾತಿ ಮತದವರದೇ ಆಗಿರಲಿ, ಅದರ ತಳದಲ್ಲಿ ಹಲವು ನಾಡುಗಳ ನುಡಿ ಸೇರಿದೆ.

ಅರಸರ ಅರಮನೆಗೂ ಇದೇ ನಿಯಮ. ಕೆಳದಿಯ ನಾಯಕರು ಕೆಳದಿ, ಇಕ್ಕೇರಿ, ಬಿದನೂರು ಎಂದು ರಾಜಧಾನಿ ಬದಲಿಸಿದರು. 1763ರಲ್ಲಿ ಹೈದರಾಲಿ ಗೆದ್ದ ಬಿದನೂರು ‘ಹೈದರ್ ನಗರ’ವಾಗಿ, ಈಗ ಹೊಸನಗರ ತಾಲೂಕಿನ ‘ನಗರ’ವಾಗಿ ಉಳಿದಿದೆ. ತೀರ್ಥಹಳ್ಳಿ ತಾಲೂಕಿನ ಕವಲೇದುರ್ಗದ ಬೆಟ್ಟ ಹತ್ತಿದರೆ ನಾಯಕರ ಅರಮನೆಯ ಸೂರು ಕಾಣುವುದಿಲ್ಲ, ಕಲ್ಲಿನ ತಳಪಾಯ ಕಾಣುತ್ತದೆ. ಕೋಣೆಗಳು ಎಲ್ಲೆಲ್ಲಿದ್ದವು ಎಂಬುದನ್ನು ನಾವು ಅದರಿಂದಲೇ ತಿಳಿಯಬೇಕು.

ಆದರೆ ತಳ ಗಟ್ಟಿಯಿದ್ದರೆ ಸಾಕೇ? ಸಾಲದು ಎಂಬುದಕ್ಕೆ ಶರಾವತಿಯೇ ಸಾಕ್ಷಿ. 1948ರಲ್ಲಿ ಹಿರೇಭಾಸ್ಕರ ಅಣೆಕಟ್ಟು ಮುಗಿಯಿತು. 1964ರಲ್ಲಿ ಲಿಂಗನಮಕ್ಕಿ ಎದ್ದಾಗ ಆ ಅಣೆಕಟ್ಟೇ ನೀರಿನಡಿ ಸೇರಿತು. ಸಾಗರ, ಹೊಸನಗರ ತಾಲೂಕುಗಳ ಎಷ್ಟೋ ಊರುಗಳು ಮುಳುಗಿದವು. ಮನೆ ಬಿಚ್ಚಿದವನು ಹಂಚು, ತೊಲೆ, ಬಾಗಿಲುಗಳನ್ನು ಹೊತ್ತೊಯ್ಯಬಹುದು. ಪಾಯವನ್ನು ಹೊರಲಾರ. ಹೋದ ಕಡೆ ಕಾಡು ಸವರಿ, ಮತ್ತೆ ಧರೆ ಕಡಿದು, ಎರಡನೆಯ ಸಲ ಪಾಯ ಹಾಕಬೇಕಾಯಿತು. ಆ ನೆಲವೋ ಕಾಗದದಲ್ಲಿ ಅರಣ್ಯ. 1980ರ ಅರಣ್ಯ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಕೇಂದ್ರದ ಒಪ್ಪಿಗೆಯಿಲ್ಲದೆ ಅದನ್ನು ಬಿಟ್ಟುಕೊಡುವಂತಿಲ್ಲ. ಆ ಒಪ್ಪಿಗೆ ಪಡೆಯದೆ ಸಂತ್ರಸ್ತರಿಗಾಗಿ ಹೊರಡಿಸಿದ್ದ ಅಧಿಸೂಚನೆಗಳು ಹೈಕೋರ್ಟಿನ ಆದೇಶದ ನಂತರ 2021ರಲ್ಲಿ ರದ್ದಾದವು. ಹಕ್ಕುಪತ್ರವಿಲ್ಲದವನಿಗೆ ಬ್ಯಾಂಕಿನ ಸಾಲವಿಲ್ಲ, ಕಟ್ಟಿದ ಮನೆಯ ಮೇಲೆ ಭರವಸೆಯೂ ಇಲ್ಲ.

ಕುಸಿಯುವ ದಡದ ಅಂಚಿನಲ್ಲಿ ಕಟ್ಟಿದ ಕಟ್ಟಡದ ದೃಷ್ಟಾಂತವೊಂದು ಕುರ್‌ಆನಿನ ತೌಬಾ ಅಧ್ಯಾಯದಲ್ಲಿದೆ. ಧರೆ ಕುಸಿತ ಕಂಡ ಮಲೆನಾಡಿಗರಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಾಡಿಗೆ ವಿದ್ಯುತ್ ಕೊಡಲು ನೆಲ ಬಿಟ್ಟವರನ್ನು ಆರು ದಶಕ ಅಂಥ ಅಂಚಿನಲ್ಲೇ ಕೂರಿಸಿದ್ದೇವೆ. ಮಣ್ಣು, ಕಲ್ಲು, ಕೂಲಿಯ ಖರ್ಚನ್ನು ಅವರು ಎರಡು ಸಲ ತೆತ್ತಿದ್ದಾರೆ. ಪಾಯದ ಅಡಿಯ ನೆಲವನ್ನು ಅವರ ಹೆಸರಿಗೆ ಬರೆದುಕೊಡುವ ಬಾಕಿ ನಮ್ಮೆಲ್ಲರ ಮೇಲಿದೆ.