ನಡೆದು ಅಳೆದ ಆಕಾಶಮಾರ್ಗ

ದೂರವನ್ನು ಹೇಳುವುದಕ್ಕೆ ನಮ್ಮ ಹಿರಿಯರಲ್ಲಿ ಮಾತಿಗೇನೂ ಕೊರತೆಯಿರಲಿಲ್ಲ. ಹತ್ತಿರವಾದರೆ ಕೂಗಳತೆ, ಆಚೆಗೆ ಹರದಾರಿ, ಗಾವುದ, ಇನ್ನೂ ಆಚೆಗಾದರೆ ಇಷ್ಟು ದಿನದ ಪಯಣ. ಇಂದು ವೇಮಗಲ್ಲಿನಲ್ಲಿ ನಿಂತು ಚೆನ್ನೈ ಎಷ್ಟು ದೂರವೆಂದು ಕೇಳಿದರೆ, 'ದೇವನಹಳ್ಳಿಯಿಂದ ವಿಮಾನದಲ್ಲಿ ಒಂದು ಗಂಟೆ' ಎಂದಾರು. ದಿನ ಹೋಗಿ ಗಂಟೆ ಬಂದಿತು. ಮೈಲಿಯ ಗೊಡವೆ ಅಂದೂ ಇಲ್ಲ, ಇಂದೂ ಇಲ್ಲ. ಆದರೆ ವಿಮಾನ ನಡೆಸುವವರಿಗೆ ಅದು ಬೇಕು. ಊರಿಂದೂರಿಗೆ ನೇರ ಗೆರೆ ಎಷ್ಟುದ್ದವೆಂದು ತಿಳಿಯದೆ ಇಂಧನದ ಲೆಕ್ಕ ಹಾಕುವುದೆಂತು? ಈ ಗೆರೆಯನ್ನು ನಮ್ಮ ಸೀಮೆಯಲ್ಲಿ ಮೊದಲು ಸರಿಯಾಗಿ ಅಳೆದವರು ಹಾರಿದವರಲ್ಲ, ನಡೆದವರು ಎಂಬುದನ್ನು ನೆನೆದಾಗಲೆಲ್ಲ ನನಗೆ ಸೋಜಿಗವಾಗುತ್ತದೆ.

1799ರ ಶ್ರೀರಂಗಪಟ್ಟಣದ ಯುದ್ಧಕ್ಕೆ ಬಂದಿದ್ದ ವಿಲಿಯಂ ಲ್ಯಾಂಬ್ಟನ್, 1802ರ ಏಪ್ರಿಲ್ 10ರಂದು ಮದರಾಸಿನ ಸಂತ ಥಾಮಸ್ ಗುಡ್ಡದ ಬಳಿ ಸರಪಳಿ ಹಿಡಿದು ಒಂದು ಆಧಾರರೇಖೆಯನ್ನು ಅಳೆಯತೊಡಗಿದನು. ಏಳೂವರೆ ಮೈಲಿಗೆ 57 ದಿನ ಹಿಡಿಯಿತು. ರೇಖೆಯ ಎರಡು ತುದಿಗಳಿಂದಲೂ ದೂರದ ಗುಡ್ಡವೊಂದನ್ನು ನೋಡಿ ಕೋನಗಳನ್ನು ಅಳೆದರೆ, ತ್ರಿಕೋಣದ ಉಳಿದೆರಡು ಭುಜಗಳ ಉದ್ದ ಲೆಕ್ಕದಿಂದಲೇ ದೊರೆಯುತ್ತದೆ. ಆ ಭುಜದ ಮೇಲೆ ಇನ್ನೊಂದು ತ್ರಿಕೋಣ, ಅದರ ಮೇಲೆ ಮತ್ತೊಂದು. ಹೀಗೆ ಬೆಟ್ಟದಿಂದ ಬೆಟ್ಟಕ್ಕೆ ಸಾಗಿದ ಸಾಲು ಮೈಸೂರು ಸೀಮೆಯನ್ನು ದಾಟಿ ಮಂಗಳೂರಿನ ಕಡಲನ್ನು ಮುಟ್ಟಿತು. ಕೋನ ಅಳೆಯುವ ಯಂತ್ರ ಅರ್ಧ ಟನ್ ತೂಗುತ್ತಿತ್ತು. ಅದನ್ನು ಬೆಟ್ಟಕ್ಕೆ ಹೊತ್ತ ಕೂಲಿಯವರ ಹೆಸರು ಇಂದು ಯಾರ ನೆನಪಿನಲ್ಲೂ ಇಲ್ಲ.

1804ರಲ್ಲಿ ಪರೀಕ್ಷೆಗೆಂದು ಬೆಂಗಳೂರಿನ ಬಳಿ ಇನ್ನೊಂದು ರೇಖೆಯನ್ನು ಅಳೆದರು. ಮದರಾಸಿನಿಂದ ಲೆಕ್ಕದಲ್ಲಿ ಬಂದ ಉದ್ದಕ್ಕೂ ನೆಲದ ಮೇಲಿನ ಉದ್ದಕ್ಕೂ ಇದ್ದ ಅಂತರ ನಾಲ್ಕು ಅಂಗುಲಕ್ಕಿಂತ ಕಡಮೆ! ಮದರಾಸಿಗೂ ಮಂಗಳೂರಿಗೂ 400 ಮೈಲಿಯೆಂದು ಹಳೆಯ ನಕ್ಷೆಗಳು ಹೇಳುತ್ತಿದ್ದವು. ಅಳೆದಾಗ ದೊರೆತದ್ದು 360. ನಲವತ್ತು ಮೈಲಿ ನೆಲ ಕಾಗದದ ಮೇಲೆ ಮಾತ್ರ ಇತ್ತು. ಮಾಲೂರಿನ ಆಸುಪಾಸಿನಲ್ಲಿ ಹಾದುಹೋಗುವ ಆ ನೇರ ಗೆರೆಯನ್ನು ಇಂದಿನ ವಿಮಾನ ಎರಡು ಗಂಟೆಯೊಳಗೆ ಮುಗಿಸುತ್ತದೆ.

ಲ್ಯಾಂಬ್ಟನ್ನನ ಸಹಾಯಕನಾಗಿ ದುಡಿದ ಜಾನ್ ವಾರನ್ನನನ್ನು ಕೋಲಾರದವರು ನೆನೆಯುವುದು ಬೇರೊಂದು ಕಾರಣಕ್ಕೆ. 1802ರಲ್ಲಿ ಮೈಸೂರಿನ ಪೂರ್ವದ ಗಡಿಯನ್ನು ಗುರುತಿಸಲು ಬಂದಾಗ, ಹಳ್ಳಿಗರು ಮಣ್ಣು ತೊಳೆದು ಚಿನ್ನ ತೆಗೆಯುವುದನ್ನು ಕಂಡು ವರದಿ ಬರೆದವನು ಅವನೇ. ಚಿನ್ನದ ಗಣಿ 2001ರಲ್ಲಿ ಮುಚ್ಚಿತು. ಅಳತೆಯ ಫಲ ಬೆಳೆಯುತ್ತಲೇ ಬಂದಿತು. ಭೂಮಿಯ ಆಕಾರವನ್ನೇ ಅಳೆಯಬೇಕೆಂಬ ಲ್ಯಾಂಬ್ಟನ್ನನ ಹಂಬಲವನ್ನು ಅವನ ಉತ್ತರಾಧಿಕಾರಿ ಜಾರ್ಜ್ ಎವರೆಸ್ಟ್ ಮುಂದುವರಿಸಿದನು. ಆಕಾರ ತಿಳಿದರೆ ತಾನೆ ದೂರದ ಹಾದಿ ತಿಳಿಯುವುದು? 2021ರ ಜನವರಿಯಲ್ಲಿ ಏರ್ ಇಂಡಿಯಾ ವಿಮಾನವೊಂದು ಸ್ಯಾನ್‌ಫ್ರಾನ್ಸಿಸ್ಕೋದಿಂದ ಉತ್ತರ ಧ್ರುವದ ಮೇಲೆ ಹಾದು ಸುಮಾರು 17 ಗಂಟೆಗಳಲ್ಲಿ ಬೆಂಗಳೂರನ್ನು ಸೇರಿತು. ಎರಡು ಊರುಗಳ ನೇರ ದೂರ ಸುಮಾರು 14,000 ಕಿಲೋಮೀಟರು. ಚಪ್ಪಟೆ ನಕ್ಷೆಯಲ್ಲಿ ಧ್ರುವದ ದಾರಿ ಬಳಸುದಾರಿ. ದುಂಡನೆಯ ಭೂಮಿಯ ಮೇಲೆ ಅದೇ ಹತ್ತಿರದ್ದು.

ಹೆಲಿಕಾಪ್ಟರ್ ಜೋಡಿಸುವ ಕಾರ್ಖಾನೆಗೆ ಏರ್‌ಬಸ್ ಮತ್ತು ಟಾಟಾ ಸಂಸ್ಥೆಗಳು 2025ರಲ್ಲಿ ವೇಮಗಲ್ಲನ್ನೇ ಆರಿಸಿದವು. ಇಲ್ಲಿಯ ಮಕ್ಕಳು ಇನ್ನು ಹಾರುವ ಯಂತ್ರಗಳ ನೆರಳಿನಲ್ಲಿ ಬೆಳೆಯುವರು. ಚಿನ್ನದ ಕಥೆಯ ಜೊತೆಗೆ ಈ ತ್ರಿಕೋಣಗಳ ಕಥೆಯನ್ನೂ ಅವರಿಗೆ ಹೇಳುವುದು ನಮ್ಮ ಹೊಣೆ.